ಬಿರುಕು ಬಿಡದ ಹೊಲ

ಪಕ್ಕದ ಮನೆಯಲ್ಲಿ ಎಳ್ಳು ಹುರಿಯುವ ವಾಸನೆ ಬೆಳಿಗ್ಗೆಯಿಂದ ನನ್ನ ಕೋಣೆಗೆ ನುಗ್ಗುತ್ತಿದೆ. ನಾಳೆ ಎಳ್ಳಮವಾಸ್ಯೆ. ಮುದ್ದೇಬಿಹಾಳದ ಬಾಡಿಗೆ ಮನೆಯಲ್ಲಿರುವ ನನಗೆ ಹೊಲವಿಲ್ಲ, ಹೊಲದ ಚಿಂತೆ ಮಾತ್ರ ಉಂಟು. ಅದು ಮಸೂತಿ ಎಂಬ ಊರಿನಲ್ಲಿರುವ ನನ್ನ ಅಕ್ಕನ ಹೊಲ.

ನಮ್ಮ ಎರೆಭೂಮಿಯನ್ನು ನೀವು ಬೇಸಿಗೆಯಲ್ಲಿ ನೋಡಿದರೆ, ಪಾಪ, ಸತ್ತೇ ಹೋಗಿದೆ ಎಂದುಕೊಂಡೀರಿ. ಕೈ ಇಳಿಯುವಷ್ಟು ಬಿರುಕು. ಅದು ಸಾವಲ್ಲ. ಮೇಲಿನ ಮಣ್ಣು, ಒಣಗಿದ ಎಲೆ, ದಂಟಿನ ಚೂರು ಎಲ್ಲ ಆ ಬಿರುಕಿಗೆ ಬಿದ್ದು ಒಳಸೇರುತ್ತವೆ; ಮಳೆ ಬಿದ್ದೊಡನೆ ನೆಲ ಉಬ್ಬಿ ಬಾಯಿ ಮುಚ್ಚುತ್ತದೆ. ಎತ್ತು ನೇಗಿಲಿನ ಹಂಗಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುವ ನೆಲ. ಭೂಮಿಯೂ ನಮ್ಮ ಮೈಯ ಹಾಗೆ ತನ್ನ ಬಿಸಿ, ನೀರು, ಉಪ್ಪನ್ನು ತಾನೇ ಹದದಲ್ಲಿಟ್ಟುಕೊಳ್ಳುತ್ತದೆ ಎಂದು ನಾನು ಹೈಸ್ಕೂಲಿನಲ್ಲಿ ಕೈ ಬೀಸಿ ಬೀಸಿ ಪಾಠ ಹೇಳುತ್ತೇನೆ. ಹಿಂದಿನ ಬೆಂಚಿನವರು ಆಕಳಿಸುತ್ತಾರೆ, ತಪ್ಪು ಅವರದಲ್ಲ.

ಕಾಲುವೆ ಬಂದ ಮೇಲೆ ಮಾವ, ಎಂದರೆ ಅಕ್ಕನ ಗಂಡ, ಕಬ್ಬು ಹಚ್ಚಿದರು. ತಲೆತಲಾಂತರದಿಂದ ಮುಗಿಲು ನೋಡಿ ಬದುಕಿದ ಜನ. ಹೊಲಕ್ಕೇ ನಡೆದು ಬಂದ ನೀರಿಗೆ ಸಾಕು ಎನ್ನುವುದು ಯಾರಿಗೆ ಗೊತ್ತಿತ್ತು? ನಿಲ್ಲಿಸಿದರೆ ಪಾಪ ತಟ್ಟೀತೆಂಬಂತೆ ವರ್ಷವಿಡೀ ಹರಿಸಿದರು. ನೆಲಕ್ಕೆ ಒಣಗಿ ಬಿರಿಯಲು ಪುರುಸೊತ್ತೇ ಸಿಗಲಿಲ್ಲ. ತಳದ ಉಪ್ಪು ಮೇಲೆದ್ದು ಹೊಲವೆಲ್ಲ ಬೆಳ್ಳಗೆ ಸವುಳಾಯಿತು. ಕಬ್ಬು ಸೊರಗಿತು, ಜೋಳ ಮೊಳೆಯಲೇ ಇಲ್ಲ.

ಮಾವ ನೀರು ಬಂದ್ ಮಾಡಿ, ಉಪ್ಪುನೀರು ಇಳಿದುಹೋಗಲೆಂದು ಸುತ್ತಲೂ ಬಸಿಗಾಲುವೆ ತೋಡಿಸಿದರು. ಎರಡು ಮೂರು ಬೇಸಿಗೆ ಕಳೆದರೂ ನೆಲ ಬಿರಿಯಲಿಲ್ಲ. ಅಷ್ಟರಲ್ಲಿ ಪ್ಲಾಟ್ ಮಾಡುವವರು ಮನೆಗೆ ಚಹಾ ಕುಡಿಯಲು ಬರತೊಡಗಿದರು. ಇನ್ನೊಂದು ಬೇಸಿಗೆ ನೋಡಿ, ಆಗಲೂ ಬಿರುಕು ಬಿಡದಿದ್ದರೆ ಹೊಲ ಕೊಟ್ಟುಬಿಡುವುದಾಗಿ ಮಾವ ಅವರಿಗೆ ಮಾತು ಕೊಟ್ಟರು. ಅಕ್ಕ ಅದನ್ನು ನನಗೆ ಹೇಳುತ್ತ ಅತ್ತಳು.

ಹೋದ ವರ್ಷದ ಎಳ್ಳಮವಾಸ್ಯೆಗೆ ನಾನು ಅಲ್ಲಿದ್ದೆ. ಬೆಳೆ ಹೊತ್ತ ಭೂಮಿ ಬಸುರಿ. ಅವಳ ಬಯಕೆ ತೀರಿಸಲು ಸಜ್ಜೆ ರೊಟ್ಟಿ, ಪಲ್ಯ, ಹೋಳಿಗೆಗಳನ್ನು ಬೆಳೆಯೊಳಗೆ ಚೆಲ್ಲುವುದೇ ಚರಗ. ಬೆಳೆಯೇ ಇಲ್ಲದ ಹೊಲಕ್ಕೆಂಥ ಚರಗವೆಂದು ಅಕ್ಕ ಬುಟ್ಟಿ ಕಟ್ಟಿರಲಿಲ್ಲ. ಅವಳ ಅತ್ತೆ, ಕಣ್ಣು ಮಂಜಾದ ಮುದುಕಿ, ಒಲೆಯ ಮುಂದಿನಿಂದಲೇ ಕೇಳಿದಳು:

"ಬಸರಾಗಲಿಲ್ಲಂತ ಮನಿ ಹೆಣ್ಮಗಳಿಗೆ ಉಣ್ಣಾಕ ನೀಡೂದು ಬಿಡ್ತಾರೇನ?"

ಅಕ್ಕನಿಗೆ ಮಕ್ಕಳಿಲ್ಲ. ತಲೆಯೆತ್ತದೆ ಎದ್ದುಹೋಗಿ ಬುಟ್ಟಿ ಕಟ್ಟಿದಳು. ಬರಿಯ ಬಿಳಿ ನೆಲದ ಮೇಲೆ ಚರಗ ಚೆಲ್ಲಿ ಬಂದೆವು.

ಬೇಸಿಗೆಯಲ್ಲಿ ಹೊಲ ಬಿರಿಯಿತು. ಸುದ್ದಿ ಕೇಳಿ ನಾನು ಮಸೂತಿಗೆ ಓಡಿದೆ. ಮಾವ ತಾಯಿಯನ್ನು ಕೈಹಿಡಿದು ಕರೆತಂದು ಕೂಡಿಸಿದರು. ಆಕೆ ಬಿರುಕಿಗೆ ಮೊಣಕೈವರೆಗೆ ಕೈ ಇಳಿಬಿಟ್ಟಳು.

"ಉಸರಾಡಾಕತ್ತೈತಿ," ಎಂದಳು.

ಪ್ಲಾಟಿನವರಿಗೆ ಮಾವ ಅಲ್ಲಿಂದಲೇ ಫೋನ್ ಮಾಡಿ ಬರಬೇಡಿ ಎಂದರು.

ಮಳೆಗಾಲದಲ್ಲಿ ಮುದುಕಿ ತೀರಿಕೊಂಡಳು. ಆ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು. ಈಗಷ್ಟೇ ಅಕ್ಕನ ಫೋನ್ ಬಂದಿತ್ತು.

"ಅಲ್ಲಲ್ಲಿ ಬೋಳು ಉಳದೈತಿ ಖರೆ, ಜೋಳ ಎದ್ದೈತಿ ತಮ್ಮಾ. ಅತ್ತಿ ನೋಡಲಿಲ್ಲ. ಲಗೂ ಬಾ."

ನಾಳೆ ಆ ಮೂಲೆಗೆ ನಾನೂ ಒಂದು ತುತ್ತು ಚೆಲ್ಲುತ್ತೇನೆ. ಅದು ಆಕೆಗೋ ಭೂಮಿಗೋ ಎಂದು ಕೇಳಿದರೆ, ವಿಜ್ಞಾನದ ಮಾಸ್ತರನಾದ ನನಗೆ ಬೇರ್ಪಡಿಸಿ ಹೇಳಲು ಬಾರದು.