ಅಕ್ಕನ ಲಿವರ್‌ನಲ್ಲಿ ನನ್ನ ಪ್ರೋಟೀನ್

ತೊಂಬತ್ತರ ದಶಕದ ನಡುವಿನಲ್ಲಿ ಅಕ್ಕನಿಗೆ ಹೆರಿಗೆಯಾದಾಗ ವಿಪರೀತ ರಕ್ತ ಹೋಯಿತು. ನಾನಾಗ ಪಿಯುಸಿ. ಭಾವ ಕಂಗಾಲಾಗಿ ಕೂತಿದ್ದರು. ಆಟೋ ಹಿಡಿದು ಬ್ಲಡ್ ಬ್ಯಾಂಕಿಗೆ ಓಡಿದವಳು ನಾನು. ಎರಡು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ತಂದೆ. ಅಕ್ಕ ಉಳಿದಳು, ಮಗುವೂ ಚೆನ್ನಾಗಿತ್ತು. ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಅದನ್ನು ನನ್ನ ಸಾಹಸವೆಂದೇ ಹೇಳಿಕೊಂಡು ಬಂದರು.

ಹನ್ನೆರಡು ವರ್ಷಗಳ ಮೇಲೆ ಅಕ್ಕನ ಹೊಟ್ಟೆಯಲ್ಲಿ ನೀರು ತುಂಬಿತು. ಲಿವರನ್ನು ಹಾಳುಮಾಡುವ ಹೆಪಟೈಟಿಸ್ ಸಿ ವೈರಸ್ಸು ಅಂದರು ಡಾಕ್ಟರು. ಎಂದಾದರೂ ರಕ್ತ ಹಾಕಿಸಿಕೊಂಡಿದ್ದರಾ ಎಂದು ಕೇಳಿದರು. ಭಾವ ನನ್ನ ಕಡೆ ನೋಡಲಿಲ್ಲ. ಆ ಕಾಲಕ್ಕೆ ನಮ್ಮಲ್ಲಿ ಆ ವೈರಸ್ಸಿಗೆ ರಕ್ತ ಪರೀಕ್ಷೆ ಮಾಡುತ್ತಿರಲಿಲ್ಲ, ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ವಿವರಿಸಿದರು. ನನಗೆ ಮಡಿಲಲ್ಲಿದ್ದ ಬಾಟಲಿಗಳ ತಣ್ಣನೆಯ ಭಾರವೊಂದೇ ನೆನಪಾಗುತ್ತಿತ್ತು.

ನಾನಾಗ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಜೀವಕೋಶದ ಡಿಎನ್‌ಎ ಎಳೆ ತುಂಡಾದರೆ ಅದನ್ನು ಪತ್ತೆಹಚ್ಚಿ, ದುರಸ್ತಿಗೆ ಉಳಿದ ಪ್ರೋಟೀನುಗಳನ್ನು ಎಬ್ಬಿಸುವ ಒಂದು ಪ್ರೋಟೀನು ನನ್ನ ವಿಷಯ. ಅದರ ಬಗ್ಗೆ ಅಕ್ಕನಿಗೆ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೆ. ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಹೊಸ ಜರ್ನಲ್ ತಿರುವುತ್ತಾ ಓದಿದೆ: ಅಕ್ಕನ ವೈರಸ್ಸು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಅದೇ ಪ್ರೋಟೀನನ್ನು ಬಳಸಿಕೊಳ್ಳುತ್ತದಂತೆ. ಅದು ಆರ್‌ಎನ್‌ಎ ವೈರಸ್ಸು, ಅದರಲ್ಲಿ ಡಿಎನ್‌ಎಯೇ ಇಲ್ಲ. ಆದರೂ ಕೋಶವನ್ನು ಕಾಪಾಡಲು ಎದ್ದವರನ್ನೇ ಹಿಡಿದು ತನ್ನ ಕೆಲಸಕ್ಕೆ ಹಚ್ಚುತ್ತದೆ.

ಸೀದಾ ಕುಂಬಾರಕೊಪ್ಪಲಿನ ಅಕ್ಕನ ಮನೆಗೆ ನಡೆದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಮುಚ್ಚಿಡಬೇಕೆಂದುಕೊಂಡಿದ್ದೆ, ಆಗಲಿಲ್ಲ. ಲ್ಯಾಬಿನಲ್ಲಿ ಆ ಪ್ರೋಟೀನನ್ನು ತೆಗೆದರೆ ವೈರಸ್ಸು ಬೆಳೆಯುವುದು ಕಮ್ಮಿಯಾಗುತ್ತದೆ ಎಂಬುದನ್ನೂ ಹೇಳಿದೆ.

"ಹಾಗಾದ್ರೆ ನಂದೂ ತೆಗೆದ್ಬುಡೇ," ಅಂದಳು.

ತೆಗೆದರೆ ನಿನ್ನ ಜೀವಕೋಶಗಳನ್ನು ಸರಿಮಾಡುವವರೇ ಇರುವುದಿಲ್ಲ, ಕ್ಯಾನ್ಸರ್ ಬರಬಹುದು ಎಂದೆ. ಅವಳು ಇನ್ನೊಂದು ಕಾಯಿ ಸುಲಿದಳು.

"ಪಾಪ, ಯಾರಿಗೋಸ್ಕರ ದುಡೀತಿದೀನಿ ಅಂತ ಅದಕ್ಕೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ ಅಕ್ಕ."

"ನಿಂಗೂ ಗೊತ್ತಿರ್ಲಿಲ್ಲ ಕಣೇ. ಅಳ್ಬೇಡ."

ಆ ಬಾಟಲಿಗಳ ವಿಷಯಕ್ಕೆ ಅವಳು ಬಂದದ್ದು ಅದೊಂದೇ ಸಲ. ಆ ವೈರಸ್ಸಿಗೆ ಆಗಿದ್ದ ಇಂಜೆಕ್ಷನ್ ಕೊಡುವ ಹಂತ ಆಗಲೇ ದಾಟಿಹೋಗಿತ್ತು. ಆಷಾಢದಲ್ಲಿ ಅಕ್ಕ ತೀರಿಕೊಂಡಳು. ಮಗಳಿನ್ನೂ ಏಳನೇ ಕ್ಲಾಸು.

ನಾಲ್ಕು ತಿಂಗಳು ಲ್ಯಾಬಿನ ಕಡೆ ಹೋಗಲಿಲ್ಲ. ಹೋದಾಗ ನನ್ನ ಗೈಡ್ ಬೀಗದ ಕೈ ಕೊಟ್ಟರು. ಪ್ರಬಂಧ ಮುಗಿಸಿದೆ. ಮೌಖಿಕ ಪರೀಕ್ಷೆಯಲ್ಲಿ, ಈ ಪ್ರೋಟೀನಿನ ಕೆಲಸ ಡಿಎನ್‌ಎ ದುರಸ್ತಿಯೊಂದೇ ತಾನೇ ಎಂದು ಪರೀಕ್ಷಕರು ಕೇಳಿದರು. ಅಲ್ಲ ಎಂದು ಹೇಳಿ ವೈರಸ್ಸಿನ ವಿಷಯ ಶುರುಮಾಡಿದೆ. ಅರ್ಧಕ್ಕೆ ಬಾಯಿತಪ್ಪಿ ಅಕ್ಕನ ವೈರಸ್ಸು ಅಂದುಬಿಟ್ಟೆ. ಅವರು ನೀರಿನ ಲೋಟ ಮುಂದೆ ಸರಿಸಿ, ನಿಧಾನವಾಗಿ ಹೇಳಮ್ಮ ಎಂದರು. ಹೇಳಲು ಆಗಲಿಲ್ಲ. ಪದವಿಯೇನೋ ಸಿಕ್ಕಿತು.