ಜೀಪಿಗೆ ಕಟ್ಟಿದ ಕಂಬಳಿ

ವಿದ್ಯಾಗಿರಿಯ ನಮ್ಮ ಪಕ್ಕದ ಮನೆಯವರ ಹಳೆಯ ಜೀಪು ಮನೆಯ ಮುಂದೆ ಎಂದೂ ಬಿಸಿಯಾಗುತ್ತಿರಲಿಲ್ಲ. ಅಮಾವಾಸ್ಯೆಗೆ ಬೇವೂರಿನ ಕಡೆ ಬೀರಪ್ಪನ ಗುಡಿಗೆ ಹೊರಟಾಗ ಮಾತ್ರ ದಾರಿಯಲ್ಲಿ ಹಬೆ ಉಗುಳಿ ನಿಲ್ಲುತ್ತಿತ್ತು. ಮರುದಿನ ಅವರು ಬನಿಯನ್ನಿನಲ್ಲೇ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ರೇಡಿಯೇಟರಿನ ಮೇಲೆ ಕೈಯಿಟ್ಟು, ಜ್ವರ ನೋಡುವ ಡಾಕ್ಟರಂತೆ ಕಣ್ಣು ಮುಚ್ಚುತ್ತಿದ್ದರು.

"ತಪ್ಪು ಗಾಡೀದಲ್ರಿ," ಅನ್ನುತ್ತಿದ್ದರು. ಒಮ್ಮೆ ತಪ್ಪು ನೀರಿನದು, ಒಮ್ಮೆ ಬಿಸಿಲಿನದು, ಒಮ್ಮೆ ಹೊರಡುವಾಗ ಸೀನಿದ ನನ್ನದು. ವಾಟರ್ ಪಂಪು, ಫ್ಯಾನ್ ಬೆಲ್ಟು ಎಲ್ಲ ಹೊಸವಾದವು.

ಒಂದು ಅಮಾವಾಸ್ಯೆಗೆ ನಾನೂ ಜೀಪು ಹತ್ತಿದೆ. ಅವರು ದೇವರ ಜಗಲಿಯಿಂದ ಬೀರಪ್ಪನೆಂದೇ ಪೂಜಿಸುವ ಕರಿ ಕಂಬಳಿ ತಂದು, ಜೀಪಿನ ಮುಂದಿನ ಜಾಲರಿ ಮುಚ್ಚುವಂತೆ ಬಿಗಿಯಾಗಿ ಕಟ್ಟಿದರು. ಮನೆಗೆ ಮರಳಿದೊಡನೆ ಬಿಚ್ಚಿ ಮತ್ತೆ ಜಗಲಿಗಿಡುವುದು ಅವರ ಪ್ರತಿ ಅಮಾವಾಸ್ಯೆಯ ಪದ್ಧತಿ.

ಅವರ ಹೆಂಡತಿಗೆ ತಡೆಯಲಾಗಲಿಲ್ಲ. "ಏನ್ರಿ, ಈ ಬಿಸಲಾಗ ನೀವು ಮಾರಿ ಮೂಗಿಗೆ ಕಂಬಳಿ ಕಟ್ಕೊಂಡು ಓಡ್ರಿ ನೋಡೂಣು!"

ಅವರು ಕಂಬಳಿ ಬಿಚ್ಚಿ ಜೀಪಿನ ಹಿಂದೆ ಕಟ್ಟಿದರು. ಗುಡಿ ಮುಟ್ಟುವವರೆಗೂ ಇಂಜಿನ್ ತಣ್ಣಗಿತ್ತು. ಇಳಿದವರೇ ನನ್ನ ಹೆಗಲು ತಟ್ಟಿದರು:

"ನಾ ಹೇಳಿದ್ದಿಲ್ಲೇನ್ರಿ, ತಪ್ಪು ಗಾಡೀದಲ್ಲಂತ? ಬೀರಪ್ಪಗ ಮುಂದ ಕುಂದ್ರೂದು ಸೇರ್ತಿದ್ದಿಲ್ಲ."