ಮೆಲ್ಲಗೆ ಒತ್ತಿದರೆ ಕೇಳುವ ಬಳೆಗಳು

“ವೈನಿ, ಢೋಲಕ್ ಪೆಟ್ಟು ಅವ್ವಂದೇ ಇರ್ಲಿ. ಆದ್ರ ಆ ಬಳಿ ಸಪ್ಪಳ ಅಷ್ಟು ತಗದುಬಿಡ್ರಿ.”

ನಾದಿನಿ ಬಸವಕಲ್ಯಾಣದಿಂದ ಫೋನಿನಲ್ಲಿ ಹೀಗೆಂದಾಗ ನಾನು ಹುಮನಾಬಾದಿನ ನಮ್ಮ ಅಡುಗೆಮನೆಯಲ್ಲಿ ಪುಂಡಿಪಲ್ಯ ಸೋಸುತ್ತಿದ್ದೆ. ಅವಳ ಮಗಳ ಅರಿಶಿಣಕ್ಕೆ ನಾಲ್ಕೇ ದಿನ ಉಳಿದಿತ್ತು. ನಮ್ಮಲ್ಲಿ ಅಜ್ಜಿಯಾದವಳು ಢೋಲಕ್ ಮೇಲೆ ಮೊದಲ ಪೆಟ್ಟು ಹಾಕದೆ ಮದುಮಗಳಿಗೆ ಅರಿಶಿಣ ಮುಟ್ಟಿಸುವುದಿಲ್ಲ. ಅಜ್ಜಿ ಎಂದರೆ ನನ್ನ ಅತ್ತೆ, ನಾದಿನಿಯ ತಾಯಿ. ಕಳೆದ ವರ್ಷ ಮಾವ ತೀರಿಕೊಂಡ ಮೇಲೆ ಅವರ ಕೈ ಬರಿದು. ಅದಕ್ಕೇ ಅವರು ಒಳಗಿನ ಕೋಣೆಯಲ್ಲೇ ಕೂರಬೇಕಂತೆ. ನಾನು ಹಿಂದೆ ರೆಕಾರ್ಡ್ ಮಾಡಿಟ್ಟ ಅವರ ಪೆಟ್ಟು ಮಾತ್ರ ನನ್ನ ಕಂಪ್ಯೂಟರಿನಿಂದ ಬರಬೇಕಂತೆ.

“ಅತ್ತಿ ಸ್ವತಃ ಬಾರಿಸಿದ್ರ ಏನಾಗ್ತದ?”

“ನಮ್ಮ ಅತ್ತಿಮನಿ ಮಂದಿ ಗೊತ್ತಿಲ್ಲೇನ್ರಿ ನಿಮಗ? ಬರಿಗೈ ಮುಂದ ಬಂದ್ರ ಬಿಡ್ತಾರೇನು? ಬಳಿ ಕೇಳಿಸಿದ್ರೂ, ಒಡದ ಬಳಿ ಶುಭಕಾರ್ಯದಾಗ ಸಪ್ಪಳ ಮಾಡಾಕತ್ಯಾವು ಅಂತ ಬಾಯಿಗೆ ಬಂದಂಗ ಅಂತಾರ. ಒಂದು ಬಟನ್ ಒತ್ತಿದ್ರ ಹೋಗಂಗಿಲ್ಲೇನು?”

ಹೆತ್ತ ಮಗಳ ಮಾತಿದು! ನನಗೆ ಜಗಳವಾಡಲು ಬಾರದು. ಕಾನ್ವೆಂಟಿನಲ್ಲಿ ದನಿ ಏರಿಸಿದರೆ ಬೆರಳ ಗೆಣ್ಣಿಗೆ ಸ್ಕೇಲಿನ ಪೆಟ್ಟು ಬೀಳುತ್ತಿತ್ತು. “ನೋಡ್ತೀನಿ” ಎಂದು ಫೋನ್ ಇಟ್ಟೆ. ಎಲೆಯನ್ನು ಕಸದ ಬುಟ್ಟಿಗೂ ದಂಟನ್ನು ಪಾತ್ರೆಗೂ ಹಾಕಿದ್ದೆನೆಂದು ಆಮೇಲೆ ಕಂಡಿತು.

ಅದೇ ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಪಿಯಾನೊ ನುಡಿಸಲು ಕಲಿತಿದ್ದೆ. ಮಕ್ಕಳು ದೊಡ್ಡವರಾದ ಮೇಲೆ ಒಂದು ಚಿಕ್ಕ ಕೀಬೋರ್ಡ್, ಲ್ಯಾಪ್‌ಟಾಪಿನಲ್ಲೊಂದು ಸ್ಯಾಂಪ್ಲರ್ ಇಟ್ಟುಕೊಂಡೆ. ನಾವು ರೆಕಾರ್ಡ್ ಮಾಡಿದ ಸದ್ದನ್ನು ಕೀಲಿಗಳಿಗೆ ಜೋಡಿಸಿ ವಾದ್ಯ ಮಾಡಿಕೊಡುವ ಸಾಫ್ಟ್‌ವೇರ್ ಅದು. ಮಾವ ಇದ್ದಾಗಲೇ, ಒಂದು ಚಳಿಗಾಲದ ಮಧ್ಯಾಹ್ನ, ಅತ್ತೆಯ ಢೋಲಕ್ ಅದರೊಳಗೆ ಸೇರಿತು. ಜೋರು ಪೆಟ್ಟಿಗೆ ಮುಂಚೆ ಅತ್ತೆ ಹಸಿರು ಬಳೆಗಳನ್ನು ಮುಂಗೈ ಮೇಲಕ್ಕೆ ಬಿಗಿಯಾಗಿ ಸರಿಸಿಕೊಳ್ಳುತ್ತಿದ್ದರು. ಮೆಲು ಪೆಟ್ಟಿಗೆ ಹಾಗೇ ಬಿಡುತ್ತಿದ್ದರು. ಹಾಗಾಗಿ ಬಳೆ ಕೇಳುವುದು ಮೆಲು ಪೆಟ್ಟಿನಲ್ಲಿ ಮಾತ್ರ.

ಕೀಲಿಯನ್ನು ಎಷ್ಟು ರಭಸದಿಂದ ಒತ್ತಿದೆವೆಂದು ಸ್ಯಾಂಪ್ಲರ್ ಅಳೆಯುತ್ತದೆ. ಅದಕ್ಕೆ ವೆಲಾಸಿಟಿ ಎನ್ನುತ್ತಾರೆ. ಮೆಲ್ಲಗೆ ಒತ್ತಿದರೆ ಮೆಲು ಪೆಟ್ಟು, ಗುದ್ದಿದರೆ ಜೋರು ಪೆಟ್ಟು. ನಡುವೆ ಒಂದು ಕರಗಿ ಇನ್ನೊಂದು ಏಳುವ ಜಾಗವೇ ಕ್ರಾಸ್‌ಫೇಡ್. ಆ ಜಾಗ ಅಗಲವಾದರೆ ಇಬ್ಬರು ಹೆಂಗಸರು ಒಂದೇ ಢೋಲಕ್ಕಿಗೆ ಕೈಹಾಕಿದ ಹಾಗೆ ಕೇಳುತ್ತದೆ. ತೀರಾ ಕಿರಿದಾದರೆ ಮೆಟ್ಟಿಲು ಎಡವಿದ ಹಾಗೆ. ಅದನ್ನು ಹದಕ್ಕೆ ತರಲು ವಾರಗಟ್ಟಲೆ ಕೂತಿದ್ದೆ. ಪಿಚ್‌ನದು ಇನ್ನೊಂದು ಪಾಡು. ರೆಕಾರ್ಡಿಂಗ್ ಮುಗಿಯುವಷ್ಟರಲ್ಲಿ ಬಿಸಿಲು ಸರಿದು, ಢೋಲಕ್ಕಿನ ಚರ್ಮ ಸಡಿಲಾಗಿ, ಕೊನೆಗೆ ಹಿಡಿದ ಮೆಲು ಪೆಟ್ಟಿನ ಸ್ವರ ಕೊಂಚ ಇಳಿದಿತ್ತು. ಏರಿಸಲು ಹೋದರೆ ಬಳೆಗಳೂ ಜೊತೆಗೇ ಏರಿ ಪುಟ್ಟ ಹುಡುಗಿಯ ಬಳೆಗಳಂತೆ ಕಿಣಿಗುಟ್ಟಿದವು. ಬಳೆ ಅತ್ತೆಯದಾಗೇ ಉಳಿಯುವಷ್ಟು ಮಾತ್ರ ಏರಿಸಿ, ಮಿಕ್ಕಿದ್ದಕ್ಕೆ ಜೋರು ಪೆಟ್ಟನ್ನೇ ಇಳಿಸಿದ್ದೆ.

ಈಗ ಅದನ್ನೆಲ್ಲ ನಾನೇ ಕೆಡಿಸಬೇಕು! ಮೆಲು ಪೆಟ್ಟನ್ನು ಮುಚ್ಚಿ, ಜೋರು ಪೆಟ್ಟನ್ನೇ ದನಿ ತಗ್ಗಿಸಿ ಎಲ್ಲ ಕಡೆ ಹರಡಿ ನೋಡಿದೆ. ಅದು ಮೆಲ್ಲಗೆ ಬಾರಿಸಿದ್ದಲ್ಲ. ಜೋರಾಗಿ ಬಾರಿಸುವವರನ್ನು ಪಕ್ಕದ ಕೋಣೆಗೆ ದೂಡಿ ಬಾಗಿಲು ಹಾಕಿದ್ದು.

ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. “ಯಾರದು ಆ ಕೈ?”

“ನಿಮ್ದೇರಿ ಅತ್ತಿ.”

“ನಂದ್ಯಾಕ ಆಗ್ತದ? ರೊಟ್ಟಿ ಬಡ್ಯಾಕತ್ತಂಗ ಅದ.”

ನಾದಿನಿ ಹೇಳಿದ್ದನ್ನು ಹೇಳಲೇಬೇಕಾಯಿತು. ಅತ್ತೆ ಎರಡು ಶೇಂಗಾ ಸುಲಿದರು. “ಆಕಿನೂ ಅತ್ತಿಮನ್ಯಾಗ ಬಾಳ್ವೆ ಮಾಡ್ಬೇಕಲ್ಲವ್ವ. ತಗದುಬಿಡು” ಎಂದು ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡರು. ಹಾಗೆ ಎಳೆದುಕೊಂಡದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಮೊದಲಿನ ಸೆಟ್ಟಿಂಗ್ ಮರಳಿ ತಂದು ಸೇವ್ ಮಾಡಿದೆ.

ಅರಿಶಿಣದ ದಿನ ಬೆಳಿಗ್ಗೆ ನಾದಿನಿಯ ಮನೆಯಲ್ಲಿ ಕೀಬೋರ್ಡನ್ನು ಒಳಕೋಣೆಯ ಹೊಸ್ತಿಲ ಪಕ್ಕವೇ ಇಟ್ಟೆ. ಪ್ಲಗ್ ಬೇರೆಲ್ಲೂ ಸಿಗಲಿಲ್ಲ ಎಂದು ಸುಳ್ಳು ಹೇಳಿದೆ.

“ಬಳಿ ಸಪ್ಪಳದ್ದು ಆಯ್ತಿಲ್ರಿ ವೈನಿ?”

“ಎಲ್ಲಾ ಬರೋಬರ್ ಮಾಡೀನಿ.”

ಒತ್ತಬೇಕಾದ ಕೀಲಿಗೆ ಗುರುತಿಗಾಗಿ ನನ್ನ ಹಣೆಯ ಟಿಕಳಿಯೊಂದನ್ನು ಅಂಟಿಸಿದ್ದೆ. ಹೆಂಗಸರೆಲ್ಲ ಚಾಪೆಯ ಮೇಲೆ ಕೂತು, ಮದುಮಗಳು ಮಣೆ ಏರಿದಾಗ, ಹೊಸ್ತಿಲೊಳಗೆ ಕೂತಿದ್ದ ಅತ್ತೆಗೆ, “ಅತ್ತಿ, ನೀವೇ ಒತ್ರಿ” ಎಂದೆ. ಅವರು ನನ್ನನ್ನೂ ಟಿಕಳಿಯನ್ನೂ ನೋಡಿದರು. ಹಂಚಿನ ಕಾವು ನೋಡುವವರಂತೆ ಹೊಸ್ತಿಲಾಚೆಗೆ ಬರಿಗೈ ಚಾಚಿ ಮೆಲ್ಲಗೆ ಒತ್ತಿದರು. ಸ್ಪೀಕರಿನಿಂದ ಢೋಲಕ್ ಬಂತು, ಅದರ ಬೆನ್ನಿಗೇ ಬಳೆಗಳು.

ಮೋರಖಂಡಿಯಿಂದ ಬಂದಿದ್ದ ಮುದುಕಿಯೊಬ್ಬರು, “ಯಾರ ಬಳಿರಿ ಇವು?” ಎಂದರು.

“ನನ್ನವು” ಎಂದರು ಅತ್ತೆ. “ಮತ್ಯಾರವು?”

ಮತ್ತೊಮ್ಮೆ, ಇನ್ನೂ ಮೆಲ್ಲಗೆ ಒತ್ತಿದರು. ಹಿಂದಿನಿಂದ ಯಾರೋ ಲೊಚಗುಟ್ಟಿದರು. ನಾದಿನಿ ಬಟ್ಟಲು ಹಿಡಿದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವಳು ಕೊನೆಗೆ ತಾಯಿಯ ಕೈ ನೋಡಿದಳು. ನೋಡಿ, ಮಗಳ ಕೆನ್ನೆಗೆ ಅರಿಶಿಣ ಹಚ್ಚಿದಳು.

ಊಟಕ್ಕೆ ಕೂತಾಗ ಎಲ್ಲರೂ ನನ್ನ ಕಂಪ್ಯೂಟರನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹಾಡಿಗೆಂದು ತಂದಿದ್ದ ಅತ್ತೆಯ ಢೋಲಕ್ ಆ ಹೊತ್ತೆಲ್ಲ ಅಲ್ಲೇ ಚಾಪೆಯ ಮೇಲಿತ್ತು, ಅತ್ತೆ ದಾಟದ ಹೊಸ್ತಿಲಿನಿಂದ ಮೂರು ಹೆಜ್ಜೆ ದೂರದಲ್ಲಿ.